ಶೃಂಗವೇರ ಮತ್ತು ಮಾಯಪ್ಪನ ಕೊಂಬು

ನನ್ನ ಮದುವೆಯಲ್ಲಿ ಕೊಂಬು ಊದಲಿಲ್ಲ.

ಹೆಣ್ಣಿನ ಕಡೆಯವರು ನಿಪ್ಪಾಣಿಯಿಂದ ಬರುವಾಗ ಮಾಯಪ್ಪನೆಂಬ ಕೊಂಬಿನವನನ್ನು ಜೊತೆಗೆ ಕರೆತಂದಿದ್ದರು. ಆತ ನಮ್ಮ ಐನಾಪುರದ ಬಸದಿಯ ಮುಂದೆ ನಿಂತು, ಬಾಗಿದ ಹಿತ್ತಾಳೆಯ ಕೊಂಬನ್ನು ಆಕಾಶಕ್ಕೆ ಎತ್ತಿ, ಕೆನ್ನೆ ಉಬ್ಬಿಸಿ, ಇನ್ನೇನು ಊದಬೇಕು, ಅಷ್ಟರಲ್ಲಿ ನಮ್ಮ ಅವ್ವ ತಾರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡ್ಡ ಬಂದಳು.

"ಅದನ್ನ ಕೆಳಗಿಡೋ ಯಪ್ಪಾ. ನಮ್ಮಲ್ಲಿ ಕೊಂಬ ನಡ್ಯೂದಿಲ್ಲ."

"ಯಾಕ್ರಿ ಅವ್ವಾರ? ಇದು ಹಿತ್ತಾಳಿದು. ಇದಕ್ಕೇನ ಜೀವ ಐತ್ರಿ?"

"ಹೆಸರು ಕೊಂಬ ಹೌದಲ್ಲೋ? ಬಿಟ್ಟದ್ದು ಬಿಟ್ಟಂಗ."

ಮಾಯಪ್ಪ ಬಾಯಲ್ಲಿದ್ದ ಗಾಳಿಯನ್ನು ಮೆಲ್ಲಗೆ ಹೊರಬಿಟ್ಟ. ಅವನ ಕೆನ್ನೆ ಇಳಿಯಿತು. ನನ್ನ ಮಾವನ ಮುಖವೂ ಇಳಿಯಿತು. ಹೆಂಡತಿ ಪ್ರಾಜಕ್ತಾ ಇವತ್ತಿಗೂ ಮಿಕ್ಸರ್ ಕೆಟ್ಟರೆ, ಹಾಲು ಒಡೆದರೆ, "ಕೊಂಬಿಲ್ಲದ ಮದುವಿ, ಮತ್ತೇನಾಗತೈತಿ" ಅನ್ನುತ್ತಾಳೆ. ಅವ್ವ ಬರೀ ಆ ವಾದ್ಯವನ್ನಲ್ಲ, ಕೊಂಬಿನ ಹಣಿಗೆಯನ್ನೂ ಮನೆಯೊಳಗೆ ಬಿಟ್ಟವಳಲ್ಲ. ಯಾಕವ್ವಾ ಎಂದರೆ "ಶ್ಲೋಕದಾಗ ಐತಿ" ಎಂದಷ್ಟೇ ಹೇಳುವಳು. ಯಾವ ಶ್ಲೋಕ, ಏನು ಮಾತು ಎಂದು ನಾವು ಯಾರೂ ಮುಂದೆ ಕೇಳಲಿಲ್ಲ. ತಾಯಿಯ ಕೂಡ ಶ್ಲೋಕದ ವಾದ ಯಾರು ಮಾಡುತ್ತಾರೆ?

ಕೇಳಿದವಳು ನಮ್ಮಣ್ಣನ ಮಗಳು ಬ್ರಾಹ್ಮಿ. ಅದೂ ತಾನಾಗಿ ಅಲ್ಲ, ಪುಸ್ತಕದ ಗಾಡಿಯ ಸಲುವಾಗಿ.

ಆ ಗಾಡಿಯ ಸಂಗತಿ ಹೇಳಬೇಕು. ಚಿಕ್ಕೋಡಿಯಲ್ಲಿ ಕೃಷ್ಣಾತೀರ ವಾಚನ ಬಳಗ ಎಂದು ಓದುವವರ ಒಂದು ಗುಂಪಿದೆ. ಅವರದೊಂದು ಹಳೆಯ ಮಿನಿಬಸ್ಸು, ಒಳಗೆ ಎರಡೂ ಬದಿಗೆ ಪುಸ್ತಕ. ಬಸ್ಸು ಒಂದು, ತಾಲೂಕು ಐದು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಜಗಳ ಬೇಡವೆಂದು ಅವರೇ ಒಂದು ಪೈಪೋಟಿ ಹುಟ್ಟಿಸಿದ್ದಾರೆ. ಹೆಸರು ಮಾತಿನ ದಿಂಡಿ, ಅಂದರೆ ಮಾತಿನ ಪಾದಯಾತ್ರೆ. ಗೆದ್ದ ತಾಲೂಕಿನ ಊರುಗಳಲ್ಲಿ ಒಂದು ವರ್ಷ ಆ ಗಾಡಿ ತಿರುಗುತ್ತದೆ. ನಮ್ಮ ಕಾಗವಾಡಕ್ಕೆ ಅದು ಒಮ್ಮೆಯೂ ಬಂದಿರಲಿಲ್ಲ.

ಗಾಡಿ ಅಥಣಿಯಲ್ಲಿದ್ದ ವರ್ಷ ಬ್ರಾಹ್ಮಿ ಐನಾಪುರದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಬೇರೆ ತಾಲೂಕಿನವರಿಗೆ ಪುಸ್ತಕ ಮನೆಗೆ ಕೊಡುವುದಿಲ್ಲ, ನಿಂತು ಓದಬೇಕು. ಆಕೆ ಹಿಡಿದದ್ದು ಒಂದು ದಪ್ಪ ಪುಸ್ತಕ. ಒಂದು ದೇಶದ ಮಾತು ಇನ್ನೊಂದು ದೇಶಕ್ಕೆ ಹೇಗೆ ನಡೆದು ಹೋಗುತ್ತದೆ ಎಂಬುದರ ಮೇಲೆ. ಅರ್ಧಕ್ಕೆ ಬಂದಿದ್ದಳು, ವರ್ಷ ಮುಗಿಯಿತು, ಗಾಡಿ ನಿಪ್ಪಾಣಿಗೆ ಹೊರಟಿತು. ಗಾಡಿಯ ಡ್ರೈವರ್ ಮಲ್ಲೇಶ ಆಕೆಯ ಕೈಯಲ್ಲಿದ್ದ ಬಸ್ ಟಿಕೇಟನ್ನೇ ತೆಗೆದುಕೊಂಡು ಆ ಪುಟದಲ್ಲಿಟ್ಟು, "ತಂಗಿ, ಇದು ಇಲ್ಲೇ ಇರತೈತಿ. ಗಾಡಿ ನಿಮ್ಮೂರಿಗೆ ಬಂದಾಗ ಮುಂದ ಓದು" ಎಂದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಜಪ: ಈ ಸಲ ಗಾಡಿ ನಮಗೆ ಬರಬೇಕು.

ಈ ಸಲ ದಿಂಡಿಗೆ ಕಾಗವಾಡ ತಾಲೂಕಿನ ಪರವಾಗಿ ಪಿಯುಸಿ ಎರಡನೆಯ ವರ್ಷದ ಬ್ರಾಹ್ಮಿಯೇ ಆಯ್ಕೆಯಾದಳು. ಚೀಟಿ ಎತ್ತಿ ಒಂದೊಂದು ತಾಲೂಕಿಗೆ ಒಂದೊಂದು ಇಂಗ್ಲಿಷ್ ಶಬ್ದ ಕೊಡುತ್ತಾರೆ. ಫೋನು ಬಂದಾಗ ನಾನು ಗಿರಣಿಯಿಂದ ಊಟಕ್ಕೆ ಬಂದಿದ್ದೆ. ಐನಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿ ನನ್ನದು. ಬ್ರಾಹ್ಮಿ ಫೋನಿಟ್ಟಳು.

"ಏನ್ ಬಂತವಾ?" ಎಂದೆ.

"ಜಿಂಜರ್, ಕಾಕಾ."

ಪ್ರಾಜಕ್ತಾ ಅಡಿಗೆ ಮನೆಯಿಂದಲೇ ನಕ್ಕಳು. "ಅಯ್ಯ! ನಮ್ಮ ಹೊಸ್ತಿಲಾ ದಾಟದ ವಸ್ತು! ನಿಪ್ಪಾಣಿಗೆ ಏನ್ ಬಂದೈತಿ?"

"ಶುಗರ್."

"ನೋಡ್ರಿ ನಮ್ಮ ತವರಮನಿ ದೈವಾ! ಕಬ್ಬಿನ ಸೀಮ್ಯಾಗ ಸಕ್ಕರಿ ಹುಡಕೂದು. ಈ ಸಲಾನೂ ಗಾಡಿ ನಮ್ಮಲ್ಲೇ ಉಳೀತು ಅಂತ ತಿಳಕೋ."

ಹಸಿ ಶುಂಠಿಗೆ ನಮ್ಮ ಕಡೆ 'ಅಲ್ಲ' ಎಂದೇ ಹೆಸರು. ಊರಲ್ಲಿ ಜೈನರ ಎಷ್ಟೋ ಮನೆಗಳಲ್ಲಿ ಈಗ ಅದು ನಡೆಯುತ್ತದೆ. ನಮ್ಮ ಅವ್ವನ ಒಲೆಯ ಹತ್ತಿರ ಮಾತ್ರ ನೆಲದೊಳಗೆ ಬೆಳೆದ ಗಡ್ಡೆ-ಬೇರು ಯಾವುದೂ ಬರುವಂತಿಲ್ಲ. ಅವಳ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ.

ದಿಂಡಿಯ ನಿಯಮವನ್ನು ಬ್ರಾಹ್ಮಿ ವಿವರಿಸಿ ಹೇಳಿದಳು. ಇಂಗ್ಲಿಷ್ ಶಬ್ದದಿಂದ ಹಿಂದೆ ಹಿಂದೆ ನಡೆಯಬೇಕು, ಹೆಚ್ಚು ಹಿಂದಕ್ಕೆ ಹೋದವರಿಗೆ ಗಾಡಿ. ಒಂದೊಂದು ಭಾಷೆ ಒಂದೊಂದು ಮೆಟ್ಟಿಲು, ನಡುವಿನ ಒಂದೆರಡು ಹಾರಿದರೂ ಅಡ್ಡಿಯಿಲ್ಲ. ಮೆಟ್ಟಿಲಿಗೆ ಒಬ್ಬ ಜೀವಂತ ಮನುಷ್ಯ ವೇದಿಕೆಗೆ ಬರಬೇಕು, ಆ ಮಾತು ಅವನ ದಿನದ ಬಾಯಲ್ಲಿ ಇರಬೇಕು. ಕಾಗದ ಇಲ್ಲ, ಮೊಬೈಲ್ ಇಲ್ಲ. ಪುಸ್ತಕದಲ್ಲಿದೆ ಎಂದರೆ ನಡೆಯದು; ಬಾಯಲ್ಲಿರಬೇಕು.

"ಲ್ಯಾಟಿನ್ ಮಾತಾಡೂ ಮನಶ್ಯಾನ್ನ ಐನಾಪುರದಾಗ ಎಲ್ಲಿ ಹುಡುಕಲಿ ಕಾಕಾ?" ಎಂದಳು.

ಮಧ್ಯಾಹ್ನ ಕರೆಂಟ್ ಹೋಗಿ ಗಿರಣಿ ನಿಲ್ಲುವ ಹೊತ್ತು. ನನ್ನ ಬೈಕ್ ತೆಗೆದೆ. "ಹತ್ತು. ಮಂದಿ ಬಾಯಾಗ ಏನೇನ ಇರತೈತಿ ಯಾರಿಗೆ ಗೊತ್ತು, ಕೇಳ್ಕೋತ ಹೋಗೂಣು."

ಲ್ಯಾಟಿನ್ ನಮ್ಮ ಓಣಿಯಲ್ಲೇ ಇತ್ತು. ಹೋಮಿಯೋಪತಿ ಡಾಕ್ಟರ್ ಜ್ಞಾನದೇವ ಅವರ ದವಾಖಾನೆಯ ಕಪಾಟಿನಲ್ಲಿ. ಬ್ರಾಹ್ಮಿ ಕೇಳಿದ ಮೇಲೆ ಅವರು ಒಂದು ಸಣ್ಣ ಕಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದರು.

"ಝಿಂಜಿಬರ್. ಅಜೀರ್ಣಕ್ಕ ದಿನಾ ಕೊಡ್ತೀನಿ, ದಿನಾ ಹೆಸರು ಹೇಳ್ತೀನಿ. ಲ್ಯಾಟಿನ್ ನನ್ನ ಬಾಯಾಗ ಐತಿ ಅಂತ ಇವತ್ತ ಗೊತ್ತಾತು ನೋಡು!" ಅವರಿಗೇ ಖುಷಿಯಾಗಿ ಕುರ್ಚಿ ಮುಂದೆ ಎಳೆದುಕೊಂಡರು. "ಇದನ್ನ ರೋಮಿನವರು ಗ್ರೀಕರ ಕಡಿಂದ ತಗೊಂಡ್ರು. ಗ್ರೀಕರು ಝಿಂಗಿಬೆರಿಸ್ ಅಂತಿದ್ರು. ಮುಂದ ಹಳೇ ಫ್ರೆಂಚರ ಬಾಯಾಗ ಜಿಂಜಿಬ್ರ ಆತು, ಇಂಗ್ಲೀಷರ ಬಾಯಾಗ ಬಾಲಾ ಉದುರಿ ಜಿಂಜರ್ ಆತು. ಗ್ರೀಕರಿಗೆ ಎಲ್ಲಿಂದ ಬಂತು, ಅದು ನನ್ನ ಬಾಟಲ್ಯಾಗ ಇಲ್ಲ."

"ವೇದಿಕಿ ಮ್ಯಾಲ ಬರ್ತೀರೇನ್ರಿ ಸರ?"

"ಬರ್ತೀನಿ. ಮಂದಿಗೆ ಸಿಹಿ ಗುಳಿಗಿ ಹಂಚಾಕ ಬಿಡ್ತಾರೇನು?"

ಮರುದಿನ ಅಥಣಿ. ಅಲ್ಲಿ ಪೇಟೆಯೊಳಗೆ ಮಹಮ್ಮದ ಅತ್ತಾರರ ಅಂಗಡಿ. ಅತ್ತರು, ಬೇರು, ಪುಡಿ, ಯುನಾನಿ ಔಷಧ. ಒಳಗೆ ಹೋದರೆ ಮೂಗಿಗೇ ಹಬ್ಬ. ಬಿಳಿ ಗಡ್ಡದ ಚಾಚಾ ಬ್ರಾಹ್ಮಿಯ ಮಾತು ಪೂರ್ತಿ ಕೇಳಿ, ಹಿಂದಿನಿಂದ ಒಂದು ಬರಣಿ ತಂದಿಟ್ಟರು.

"ಜವಾರಿಶ್ ಜಂಜಬೀಲ್. ಬೀಗರ ಊಟಾ ಮಾಡಿ ಹೊಟ್ಟಿ ಹಿಡಕೊಂಡು ಬರೂ ಮಂದಿಗೆ ಇದನ್ನ ಕೊಡ್ತೀನಿ. ಶುಂಠಿಗೆ ಅರಬ್ಬಿ ಹೆಸರು ಬೇಟಾ, ಜಂಜಬೀಲ್."

ಬ್ರಾಹ್ಮಿ ಅದನ್ನು ಬಾಯಲ್ಲಿ ಹೊರಳಿಸಿದಳು. "ಜಂಜಬೀಲ್. ಝಿಂಜಿಬರ್. ಚಾಚಾ, ಇವೆರಡೂ ಅಕ್ಕ-ತಂಗಿ!"

"ಅಕ್ಕ-ತಂಗಿ ಖರೆ. ಆದ್ರ ತಾಯಿ ಯಾರು? ವಿಚಾರ ಮಾಡು. ಅರಬಸ್ತಾನದ ಉಸುಕಿನ್ಯಾಗ ಶುಂಠಿ ಬೆಳ್ಯೂದಿಲ್ಲ. ಗ್ರೀಕರ ಗುಡ್ಡದಾಗೂ ಬೆಳ್ಯೂದಿಲ್ಲ. ಬೆಳೀದ ವಸ್ತುವಿನ ಹೆಸರು ಅಲ್ಲಿಗೆ ಹೆಂಗ ಹೋತು? ಹಡಗದಾಗ ಹೋತು. ಹಡಗ ಎಲ್ಲಿಂದ ಹೊಂಟಿತ್ತು?"

"ನಮ್ಮ ಕಡಿಂದ," ಎಂದೆ ನಾನು.

"ಹಾಂ! ತಗೊಂಡು ಹೋದವರು ನಮ್ಮವರು, ಕಳಿಸಿಕೊಟ್ಟವರು ನಿಮ್ಮವರು. ಚಹಾ ಕುಡೀತೀರೇನು? ನಿಮ್ಮದು ಅಲ್ಲ ಹಾಕದ್ದು ಹೇಳ್ತೀನಿ, ಗೊತ್ತೈತಿ ನನಗ."

ಚಹಾ ಕುಡಿಸಿ, ಚಿಕ್ಕೋಡಿಗೆ ಬರುತ್ತೇನೆಂದು ಮಾತು ಕೊಟ್ಟೇ ಬಿಟ್ಟರು.

ತಾಯಿ ಯಾರೆಂಬುದನ್ನು ಬ್ರಾಹ್ಮಿ ಕಾಲೇಜಿನ ದೊಡ್ಡ ನಿಘಂಟಿನಲ್ಲಿ ನೋಡಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಮನೆಗೆ ಬಂದಳು. ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ತೊಗರಿ ಬೇಳೆ ಆರಿಸುತ್ತಿದ್ದಳು. ಬ್ರಾಹ್ಮಿ ಅಂಗೈ ನೋಡುತ್ತ ಓದಿದಳು:

"ಶೃಂಗವೇರ."

ಮೊರ ನಿಂತಿತು. ಅವ್ವ ಕಣ್ಣು ಮುಚ್ಚಿ, ಅದೇ ಮಾತಿನಿಂದ ಹಿಡಿದು ಒಂದು ಶ್ಲೋಕದ ಉಳಿದ ಸಾಲನ್ನು ರಾಗವಾಗಿ ಮುಗಿಸಿಬಿಟ್ಟಳು. ಆಮೇಲೆ ಕಣ್ಣು ತೆರೆದು, "ಅದನ್ನ ಯಾಕ ಒದರಾಕತ್ತೀ? ಅದು ಬಿಡೂದರಾಗ ಬರತೈತಿ. ಮೂಲಂಗಿ, ಬೆಣ್ಣಿ, ಬೇವಿನ ಹೂವು, ಎಲ್ಲಾ ಬಿಡಬೇಕು ಅಂತ ಹೇಳೂ ಶ್ಲೋಕಾ. ಬಸದ್ಯಾಗ ಸಣ್ಣಾಕಿದ್ದಾಗ ಕಲ್ತದ್ದು" ಎಂದಳು.

"ಆಯಿ! ಶೃಂಗವೇರ ಅಂದ್ರೇನು ನಿನಗ ಗೊತ್ತೈತೇನ?"

"ಗೊತ್ತಿಲ್ಲದ ಏನು? ಕೊಂಬು."

"ಕೊಂಬಲ್ಲ ಆಯಿ. ಹಸಿ ಶುಂಠಿ."

ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಪ್ರಾಜಕ್ತಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳ ಮುಖ ನೋಡಿ ನನಗೆ ತಿಳಿಯಿತು, ಇನ್ನು ನನ್ನ ಕತೆ ಮುಗಿಯಿತು ಎಂದು.

"ಅಂದ್ರ ಅತ್ತೀ," ಎಂದಳು, "ನನ್ನ ಮದುವ್ಯಾಗ ಮಾಯಪ್ಪನ ಬಾಯಿ ಮುಚ್ಚಿಸಿದ್ದು ಶುಂಠಿ ಸಲುವಾಗೇನು?"

ಅವ್ವ ಮೊರ ಕೆಳಗಿಟ್ಟಳು. ಆಮೇಲೆ ಹೇಳಿದಳು. ಹುಡುಗಿಯಾಗಿದ್ದಾಗ ಬಸದಿಯ ಪಂಡಿತರು ಶ್ಲೋಕ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ಸಂಜೆ ಅವರ ಎಮ್ಮೆ ಹಗ್ಗ ಹರಿದುಕೊಂಡು ಓಡಿತ್ತು. ಅವರು ಅದರ ಬೆನ್ನು ಹತ್ತುವ ಗಡಿಬಿಡಿಯಲ್ಲಿದ್ದಾಗ ಈಕೆ ಶೃಂಗ ಅಂದ್ರೇನ್ರಿ ಎಂದು ಕೇಳಿದಳು. "ಕೊಂಬು, ಕೊಂಬು" ಎನ್ನುತ್ತ ಅವರು ಓಡಿದರು. "ಮುಂದಿಂದು ಕೇಳೂದ ಉಳೀತು," ಎಂದಳು ಅವ್ವ. "ಮರುದಿನ ಬ್ಯಾರೆ ಶ್ಲೋಕಾ ಬಂತು."

"ಅಡ್ಡಿಯಿಲ್ಲ ಬಿಡು ಆಯಿ," ಬ್ರಾಹ್ಮಿ ನಗು ತಡೆಯುತ್ತ ಅವಳ ಪಕ್ಕ ಕುಳಿತಳು. "ಶುಂಠೀನೂ ಬಿಟ್ಟಿ, ಕೊಂಬೂ ಬಿಟ್ಟಿ. ಒಂದು ಕೇಳಿದ್ರ ಎರಡು ಬಿಟ್ಟಿ. ಪುಣ್ಯಾ ಡಬಲ್."

ಅವ್ವ ನಗಲಿಲ್ಲ. "ಶ್ಲೋಕ ಹೇಳಾಕ ಬರ್ತೀನಿ. ಕೊಂಬಿನ ಸುದ್ದಿ ಮಾತ್ರ ಯಾರೂ ಎತ್ತಬಾರದು. ನಾಕ ಮಂದ್ಯಾಗ ನನ್ನ ನಗಿಗೀಡ ಮಾಡಬ್ಯಾಡ್ರಿ." ಹಾಗೇ ಆಗಲಿ ಎಂದು ನಾವು ಒಪ್ಪಿದೆವು. ಪ್ರಾಜಕ್ತಾ ಕೂಡ. ಕಷ್ಟಪಟ್ಟು.

ಇಲ್ಲಿಗೆ ಮುಗಿಯಿತು ಎಂದು ನನ್ನ ಲೆಕ್ಕ. ಬ್ರಾಹ್ಮಿಯ ತಲೆಯಲ್ಲಿ ಹುಳು ಹೊಕ್ಕಿತ್ತು. ನಿಘಂಟಿನಲ್ಲಿ ಶೃಂಗವೇರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತಂತೆ: ಹಳೆಯ ಪಾಲಿಯಲ್ಲಿ ಇದು ಸಿಂಗಿವೇರ, ಅದು ದಕ್ಷಿಣದ ಭಾಷೆಗಳಿಂದ ಬಂದಿರಬೇಕು, ಇವತ್ತು ತಮಿಳು ಮಲಯಾಳದಲ್ಲಿ ಅದರ ರೂಪ ಉಳಿದಿದೆ.

"ನಿಪ್ಪಾಣಿಯವರು ಶರ್ಕರಾಕ್ಕ ಬಂದು ನಿಲ್ತಾರ ಕಾಕಾ. ನಾವು ಶೃಂಗವೇರಕ್ಕ ನಿಂತ್ರ ಸರೀಸಮ. ಇನ್ನೊಂದು ಮೆಟ್ಟಲಾ ಹಿಂದ ಹೋದ್ರ ಗಾಡಿ ನಮ್ಮದು."

ಮಲಯಾಳ ನಮ್ಮ ಸೀಮೆಯಲ್ಲಿ ಎಲ್ಲಿದೆ? ಟೈರಿನ ಅಂಗಡಿಯಲ್ಲಿ! ಕಾಗವಾಡದಿಂದ ಮೀರಜಕ್ಕೆ ಹೋಗುವ ರಸ್ತೆಯ ಬದಿಗೆ ಸಜೀವನ್ ಎಂಬ ಕೇರಳದವರ ಅಂಗಡಿ. ಕಬ್ಬಿನ ಟ್ರ್ಯಾಕ್ಟರುಗಳು ಸರತಿ ನಿಂತಿದ್ದವು. ಸಜೀವನ್ ಟ್ರೇಲರಿನ ಕೆಳಗಿನಿಂದ ತಲೆ ಹೊರಹಾಕಿದರು. ಇಷ್ಟು ವರ್ಷ ನಮ್ಮ ಡ್ರೈವರುಗಳ ನಡುವೆ ಇದ್ದು ಅವರ ಕನ್ನಡವೂ ನಮ್ಮದೇ ಆಗಿದೆ.

"ಶುಂಠಿಗೆ ನಮ್ಮ ಕಡೆ ಇಂಜಿ ಅಂತೀವಿ. ಊರಾಗ ಮನಿ ಹಿಂದ ಐತಿ. ಇಂಜಿ ಇಲ್ಲದ ಚಹಾ ಕೊಟ್ರ ನಮ್ಮಮ್ಮ ಕಪ್ ಎತ್ತಿ ಒಗೀತಾಳ."

"ಮತ್ತ ಗಿಡದ ಬೇರಿಗೆ?"

"ವೇರ್."

ಬ್ರಾಹ್ಮಿ ಒಂದು ಹಳೆಯ ಟೈರಿನ ಮೇಲೆ ಹತ್ತಿ ನಿಂತುಬಿಟ್ಟಳು. "ಇಂಜಿ, ವೇರ್! ಇಂಜಿಯ ಬೇರು! ಅದರ ಮುಂದ ಹಳೇ ಕಾಲಕ್ಕ ಒಂದು ಸಕಾರ ಇತ್ತಂತ, ಆಮ್ಯಾಲ ಉದುರಿತಂತ. ಇಂಜಿವೇರ್, ಸಿಂಗಿವೇರ, ಝಿಂಗಿಬೆರಿಸ್! ಕಾಕಾ, ಇಂಗ್ಲೀಷರ ಜಿಂಜರಿನ ಒಳಗ ನಮ್ಮ ಬೇರ ಕುಂತೈತಿ!"

ಟ್ರ್ಯಾಕ್ಟರಿನವರೆಲ್ಲ ತಿರುಗಿ ನೋಡಿದರು. ಒಬ್ಬ "ಏನಾತ್ರಿ, ಲಾಟ್ರಿ ಹತ್ತೇತೇನು?" ಎಂದ. ಸಜೀವನ್ ಮಾತ್ರ ಗಂಭೀರವಾಗಿ ಎದೆ ತಟ್ಟಿಕೊಂಡರು. "ಚಿಕ್ಕೋಡಿಗೆ ಬರ್ತೀನಿ ತಂಗಿ. ನಮ್ಮಮ್ಮನ ಇಂಜಿ ಇಷ್ಟು ದೂರ ನಡದೈತಿ ಅಂದ್ರ ನಾ ಬರದ ಇರ್ತೀನೇನು?"

ದಿಂಡಿಯ ದಿನ ಚಿಕ್ಕೋಡಿಯ ಸಭಾಂಗಣ ತುಂಬಿ ಹೊರಗೂ ಜನ. ಪುಸ್ತಕದ ಗಾಡಿ ಅಂಗಳದಲ್ಲೇ ನಿಂತಿತ್ತು, ಮಲ್ಲೇಶ ಅದರ ಗಾಜು ಒರೆಸುತ್ತಿದ್ದ. ಬ್ರಾಹ್ಮಿ ಅದರ ಕಡೆ ನೋಡಲಿಲ್ಲ. ಗೆದ್ದ ಮೇಲೆ ನೋಡುತ್ತೇನೆ ಎಂದಳು.

ಸುಳ್ಳು ಹೇಳಬಾರದು, ನಿಪ್ಪಾಣಿಯವರು ಭರ್ಜರಿಯಾಗಿ ಮಾಡಿದರು. ಶುಗರಿನಿಂದ ಹಿಡಿದು ಅರಬ್ಬಿಯ ಸುಕ್ಕರ್, ಪಾರಸಿಯ ಶಕರ್, ಕೊನೆಗೆ ಪೂಜೆಯ ಭಟ್ಟರಿಂದ ಶರ್ಕರಾ. ಚಪ್ಪಾಳೆ ಬಿತ್ತು. ಪ್ರಾಜಕ್ತಾ ಎರಡು ಕೈ ಎತ್ತಿ ಬಡಿದು, ನಮ್ಮತ್ತ ನೋಡಿ ನಾಲಿಗೆ ಕಚ್ಚಿಕೊಂಡು ಕೈ ಇಳಿಸಿದಳು.

ನಮ್ಮ ಸರದಿ ಬಂತು. ಸಜೀವನ್ ಬಂದಿರಲಿಲ್ಲ. ಫೋನು ಹಚ್ಚಿದೆ. "ಚಿಕ್ಕೋಡಿ ಹೊರಗ ಬಂದೀನ್ರಿ, ಇಲ್ಲೆ ಟೈರ್ ಒಡದು ಎರಡು ಟ್ರೇಲರ್ ಒಮ್ಮೆಗೇ ಕುಂತಾವ, ರಸ್ತೆ ಬಂದ್ ಆಗೇತಿ. ಮುಗಿಸಿ ಬಂದ್ನಿ, ಬಂದ್ನಿ!" ಬಂದ್ನಿ ಎಂದವರ ಹಿಂದೆ ಕಬ್ಬಿಣದ ಮೇಲೆ ಸುತ್ತಿಗೆಯ ಸಪ್ಪಳ.

ವೇದಿಕೆ ಮೇಲೆ ಬ್ರಾಹ್ಮಿ ಶುರು ಮಾಡಿದಳು. ಡಾಕ್ಟರ್ ಜ್ಞಾನದೇವ ಝಿಂಜಿಬರನ್ನು ರೋಗಿಗೆ ಹೇಳುವ ಹಾಗೇ ಹೇಳಿ, ಹಿಂದಿನ ಗ್ರೀಕರನ್ನೂ ಮುಂದಿನ ಫ್ರೆಂಚರನ್ನೂ ಮಾತಾಡಿಸಿದರು. ಮಹಮ್ಮದ ಚಾಚಾ ಜಂಜಬೀಲ್ ಎಂದಾಗ ಆ ಕೊನೆಯ ಲಕಾರ ಸಭಾಂಗಣದ ತುದಿಯವರೆಗೂ ಉರುಳಿತು. ಹಡಗಿನ ಪ್ರಶ್ನೆಗೆ ಜನರೇ ಒಕ್ಕೊರಲಿನಿಂದ "ನಮ್ಮ ಕಡಿಂದ" ಎಂದರು. ಅವ್ವ ಕಣ್ಣು ಮುಚ್ಚಿ ಶ್ಲೋಕ ಹೇಳಿ, ಶೃಂಗವೇರದ ಹತ್ತಿರ ಸ್ವಲ್ಪ ನಿಂತು, ಮುಗಿಸಿ ಸರಿದು ನಿಂತಳು.

ಬ್ರಾಹ್ಮಿ ಬಾಗಿಲ ಕಡೆ ನೋಡಿದಳು. ಇನ್ನೂ ಬಂದಿಲ್ಲವೆಂದು ನಾನು ತಲೆಯಾಡಿಸಿದೆ. ಅವಳು ಮೈಕಿನ ಕಡೆ ತಿರುಗಿ ಹೇಳಿದಳು: "ದಾರಿ ಇಲ್ಲಿಗೆ ಮುಗಿಯುವುದಿಲ್ಲ. ಇದರ ಹಿಂದೆ ದಕ್ಷಿಣದ ಮಾತಿದೆ, ಇಂಜಿ ಮತ್ತು ಬೇರು."

ತೀರ್ಪುಗಾರರು ಧಾರವಾಡದ ಕಡೆಯ ನಿವೃತ್ತ ಪ್ರಾಧ್ಯಾಪಕಿ. ಮೆತ್ತಗಿನ ಮಾತು, ಕಟ್ಟುನಿಟ್ಟಿನ ಕಣ್ಣು. "ಶೃಂಗ ಅಂದರೆ ಕೊಂಬು, ವೇರ ಅಂದರೆ ಒಡಲು. ಕೊಂಬಿನ ಆಕಾರದ್ದು ಎಂದು ಹಳೆಯ ಪಂಡಿತರೇ ಅರ್ಥ ಹೇಳಿದ್ದಾರಲ್ಲ, ಮಗು. ಅರ್ಥ ಅಲ್ಲೇ ಸಿಕ್ಕಿದ ಮೇಲೆ ಇನ್ನೂ ಹಿಂದಕ್ಕೆ ಯಾಕೆ ಹೋಗಬೇಕು? ನಿನ್ನ ಕೊನೆಯ ಮೆಟ್ಟಿಲಿನ ದನಿ ಎಲ್ಲಿ?"

ಬ್ರಾಹ್ಮಿ ಮತ್ತೆ ಬಾಗಿಲ ಕಡೆ ನೋಡಿದಳು. ಸಮಯ ಮುಗಿದ ಗಂಟೆ ಬಾರಿಸಲು ಒಬ್ಬ ಕೈ ಎತ್ತಿದ.

"ತಡ್ಯೋ. ಗಂಟಿ ಬಾರಸಬ್ಯಾಡ. ನಂದು ಮುಗದಿಲ್ಲ."

ಅವ್ವ! ಮೈಕಿನ ಮುಂದೆ ಬಂದು, ಅದನ್ನು ಸೌಟು ಹಿಡಿದ ಹಾಗೆ ಹಿಡಿದುಕೊಂಡಳು.

"ಬಾಯಾರ, ನೀವು ಕೊಂಬು ಅಂದ್ರಿ. ನಾನೂ ಹಂಗ ತಿಳಕೊಂಡಿದ್ನಿ, ಸಣ್ಣಾಕಿದ್ದಾಗಿಂದ. ತಿಳೀದ ಮಾತು ಕಿವಿ ಮ್ಯಾಲ ಬಿತ್ತು. ಅದರಾಗ ಶೃಂಗ ಅನ್ನೂದೊಂದು ತಿಳೀತು. ಅದನ್ನ ಗಟ್ಟ್ಯಾಗಿ ಹಿಡಕೊಂಡು ಕುಂತೆ. ಕೊಂಬಿನ ಹಣಗಿ ಬಿಟ್ಟೆ. ನನ್ನ ಮಗನ ಮದುವ್ಯಾಗ ಕೊಂಬಿನವನ್ನ ಊದಗೊಡಲಿಲ್ಲ. ಅಗೋ ಅಲ್ಲಿ ಕುಂತಾಳ ನಮ್ಮ ಸೊಸಿ, ಇವತ್ತಿಗೂ ಬೈಯಾಕತ್ತಾಳ."

ಸಭೆ ಗೊಳ್ಳೆಂದಿತು. ಪ್ರಾಜಕ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಗ್ರಿ, ನಗ್ರಿ. ನಗಬೇಕಾದ್ದ ಐತಿ." ಅವ್ವನೂ ನಗುತ್ತಿದ್ದಳು. ಅಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದ ಭಾರವನ್ನು ಎಲ್ಲರ ಎದುರು ಇಳಿಸಿ ಆಕೆ ಹಗುರಾಗಿದ್ದಳು. "ಈಗ ನಾ ಕೇಳ್ತೀನಿ. ಆ ದೊಡ್ಡ ಪಂಡಿತರೂ ನನ್ನಂಗ ಮಾಡಿರಬಾರದೇನು? ದೂರದ ಊರಿಂದ ಒಂದು ತಿಳೀದ ಮಾತು ಬಂತು, ಸಿಂಗಿವೇರ. ಹಂಗಂದ್ರೇನಪಾ? ಹಾಂ, ಇದು ನಮ್ಮ ಶೃಂಗನ ಇರಬೇಕು ಅಂದ್ರು. ನೋಡಿದ್ರ ವಸ್ತುನೂ ಕೊಂಬಿನಂಗ ಸೊಟ್ಟಗೈತಿ. ಸಾಕಾತು! ಗೊತ್ತಿದ್ದ ಮಾತಿನ ಅಂಗಿ ತೊಡಿಸಿ ಒಳಗ ಕರಕೊಂಡ್ರು. ನಾನೂ ಅದನ್ನ ಮಾಡಿದ್ದು. ಮತ್ತ ಆ ಶ್ಲೋಕದಾಗ ಅದರ ಮಗ್ಗಲಕ್ಕ ಏನೈತಿ ಗೊತ್ತೇನ್ರಿ? ಮೂಲಂಗಿ. ಮೂಲಂಗಿ ಮಗ್ಗಲಕ್ಕ ಕೊಂಬಿಗೇನ ಕೆಲಸಾ? ಅಲ್ಲೆ ಇರಬೇಕಾದ್ದು ಬೇರು."

ಪ್ರಾಧ್ಯಾಪಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಜ್ಜಿ, ಇದನ್ನು ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಉದಾಹರಣೆಗೆ ಒಂದು ಇಡೀ ಮದುವೆಯನ್ನೇ ತಂದವರನ್ನು ಇವತ್ತೇ ನೋಡಿದ್ದು." ಆಮೇಲೆ ಬ್ರಾಹ್ಮಿಯ ಕಡೆ ತಿರುಗಿದರು. "ನಂಬಿಕೆ ಬಂತು. ಆದರೂ ನಿಯಮ ನಿಯಮವೇ. ಮೆಟ್ಟಿಲಿಗೊಂದು ದನಿ. ಇಂಜಿ ಎನ್ನುವವರು ಯಾರು?"

"ನಾನ್ರಿ!"

ಬಾಗಿಲಲ್ಲಿ ಸಜೀವನ್. ಮೊಣಕೈವರೆಗೆ ಗ್ರೀಸು, ಹಣೆಯ ಮೇಲೆ ಮಸಿ, ಹಿಂದೆ ಅವರನ್ನು ಬೈಕಿನಲ್ಲಿ ಹೊತ್ತು ತಂದ ಟ್ರ್ಯಾಕ್ಟರಿನವ. ಜನ ದಾರಿ ಬಿಟ್ಟರು, ಅಂಗಿಗೆ ಮಸಿ ಹತ್ತೀತೆಂದು ಎರಡು ಹೆಜ್ಜೆ ಹೆಚ್ಚೇ ಬಿಟ್ಟರು. ವೇದಿಕೆಗೆ ಬಂದವರು ಕೈ ಎಲ್ಲಿಡಬೇಕೋ ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡರು.

"ನಮ್ಮ ಮನಿ ಹಿಂದ ಇಂಜಿ ಐತ್ರಿ. ಅದರ ಬುಡಕ ಇರೂದು ವೇರ್. ನಮ್ಮಮ್ಮ ಕಿತ್ತು, ಮಣ್ಣು ತೊಳದು, ಚಹಾಕ ಹಾಕ್ತಾಳ. ನಾ ಫೋನ್ ಮಾಡಿದಾಗೆಲ್ಲಾ ಒಂದ ಕೇಳ್ತಾಳ್ರಿ, ಅಲ್ಲಿ ಇಂಜಿ ಸಿಗತೈತೇನೋ ಅಂತ."

ಬ್ರಾಹ್ಮಿ ಮುಂದೆ ಬಂದಳು. ಒಬ್ಬೊಬ್ಬರ ಭುಜ ಮುಟ್ಟುತ್ತ ಹೋದಳು. ಅವರು ತಮ್ಮ ತಮ್ಮ ಮಾತು ಹೇಳುತ್ತ ಹೋದರು. ಸಜೀವನ್ "ಇಂಜಿ, ವೇರ್" ಎಂದರು. ಅವ್ವ "ಶೃಂಗವೇರ" ಎಂದಳು. ಚಾಚಾ "ಜಂಜಬೀಲ್" ಎಂದರು. ಡಾಕ್ಟರು "ಝಿಂಜಿಬರ್" ಎಂದರು. ಕೊನೆಗೆ ಬ್ರಾಹ್ಮಿ ತನ್ನ ಎದೆ ಮುಟ್ಟಿಕೊಂಡು "ಜಿಂಜರ್" ಎಂದಳು. ಇನ್ನೊಮ್ಮೆ ಎಂದು ಕೂಗಿದರು ಜನ. ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಸಭೆಯೇ ಹೇಳಿತು, ನಿಪ್ಪಾಣಿಯ ಭಟ್ಟರೂ ಸೇರಿ.

ತೀರ್ಪು ಹೇಳಲು ಪ್ರಾಧ್ಯಾಪಕಿ ಎದ್ದು ನಿಂತು ಒಂದೇ ಮಾತು ಹೇಳಿದರು: "ಗಾಡಿ ಕಾಗವಾಡಕ್ಕೆ." ಮುಂದೆ ಏನಂದರೋ ಯಾರಿಗೂ ಕೇಳಿಸಲಿಲ್ಲ. ಪ್ರಾಜಕ್ತಾ ಹಾಕಿದ ಸಿಳ್ಳೆ ಅಷ್ಟು ಜೋರಾಗಿತ್ತು. ಸಿಳ್ಳೆ ಹಾಕಲು ಬರುತ್ತದೆಂದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.

ಅಂಗಳಕ್ಕೆ ಬಂದ ಮೇಲೆ ಅವ್ವ ನನ್ನನ್ನು ಬದಿಗೆ ಕರೆದಳು. "ಸುಹಾಸಾ, ಆ ಕೊಂಬಿನ ಮಾಯಪ್ಪ ಇನ್ನೂ ಅದಾನೇನು?"

ಇದ್ದಾನೆ ಎಂದಳು ಪ್ರಾಜಕ್ತಾ.

"ಗಾಡಿ ನಮ್ಮೂರಿಗೆ ಬರೂ ದಿನ ಅವನ್ನ ಕರಸ್ರಿ."

ಗಾಡಿ ಐನಾಪುರಕ್ಕೆ ಬಂದ ದಿನ ಬಸದಿಯ ಮುಂದೆ ಊರೇ ಸೇರಿತ್ತು. ಡಾಕ್ಟರು ಗುಳಿಗೆ ಹಂಚುತ್ತಿದ್ದರು. ಅಥಣಿಯಿಂದ ಬಂದ ಚಾಚಾ ಎಲ್ಲರ ಕೈಗೂ ಒಂದೊಂದು ಹನಿ ಅತ್ತರು ಸವರುತ್ತಿದ್ದರು. ಸಜೀವನ್ ಗಾಡಿಯ ನಾಲ್ಕೂ ಟೈರುಗಳನ್ನು ಒದ್ದು ನೋಡಿ, ಹಿಂದಿನ ಎಡಗಡೆಯದಕ್ಕೆ ಗಾಳಿ ಕಡಿಮೆ ಎಂದು ಮಲ್ಲೇಶನಿಗೆ ಬೈಯುತ್ತಿದ್ದರು. ಮಾಯಪ್ಪನಿಗೆ ಈಗ ವಯಸ್ಸಾಗಿದೆ, ಮೀಸೆ ಪೂರ್ತಿ ಬೆಳ್ಳಗೆ. ಅಂದು ನಿಂತಿದ್ದ ಜಾಗದಲ್ಲೇ ನಿಂತು, ಕೊಂಬು ಎತ್ತಿ, ಊದದೆ ಅವ್ವನ ಕಡೆ ಅನುಮಾನದಿಂದ ನೋಡಿದ.

"ಊದಲೇನ್ರಿ ಅವ್ವಾರ? ಖರೇನ ಊದಲೇನು?"

"ಊದೋ ಯಪ್ಪಾ," ಎಂದಳು ಅವ್ವ. "ಅವತ್ತಿಂದೂ ಸೇರಿಸಿ ಊದು."

ಊದಿದ. ಬಸದಿಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಕೃಷ್ಣೆಯ ಕಡೆ ಹಾರಿದವು. ಪ್ರಾಜಕ್ತಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, "ಈಗ ಆತು ನೋಡ್ರಿ ಮದುವಿ" ಎಂದಳು. ಅವ್ವ ಎರಡೂ ಕಿವಿ ಮುಚ್ಚಿಕೊಂಡು, ಬಾಯಿ ತುಂಬ ನಗುತ್ತ, ಕಣ್ಣಿನಿಂದಲೇ ಇನ್ನೊಮ್ಮೆ ಎಂದಳು.

ಬ್ರಾಹ್ಮಿಗೆ ಇದು ಯಾವುದೂ ಕೇಳಿಸಿರಲಿಕ್ಕಿಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹತ್ತಿ ಒಳಗೆ ಹೋಗಿದ್ದಳು. ನಾನು ಕಿಟಕಿಯಿಂದ ಇಣುಕಿದೆ. ಆ ದಪ್ಪ ಪುಸ್ತಕ ತೊಡೆಯ ಮೇಲಿತ್ತು. ಬಣ್ಣ ಮಾಸಿದ ಬಸ್ ಟಿಕೇಟನ್ನು ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಈ ಸಲ ಕುಳಿತುಕೊಂಡು, ಮುಂದಿನ ಪುಟ ಓದುತ್ತಿದ್ದಳು.